ಜೇನೋ, ಕಣಜವೋ

ಶನಿವಾರದ ಪತ್ರಿಕೆಯಲ್ಲಿ ಒಂದು ಚಿತ್ರದ ಕೆಳಗೆ 'ಜೇನುನೊಣ' ಎಂದು ಅಚ್ಚಾಗಿತ್ತು. ಯಾರೋ ಓದುಗರು ಫೋನ್ ಮಾಡಿ ಅದು ಕಣಜ ಎಂದರು. ಸಂಪಾದಕರು ಕರಡು ತಿದ್ದುವವನನ್ನು ಕರೆಸಿ, "ಹಿತ್ತಲಲ್ಲಿ ಹಾರೋ ಹುಳ ಗೊತ್ತಿಲ್ಲ, ನೀವು ಭಾಷೆ ತಿದ್ತೀರಾ?" ಎಂದು ನೀರಿಳಿಸಿದರು. ಭಾನುವಾರ ತಿದ್ದುಪಡಿಯೂ ಬಂತು: 'ಅದು ಜೇನಲ್ಲ, ಕಣಜ. ಕರಡು ತಿದ್ದುವವರ ತಪ್ಪಿಗೆ ವಿಷಾದ.' ಹನ್ನೆರಡು ವರ್ಷದ ನೌಕರಿಯಲ್ಲಿ ಅವನ ಮೊದಲ ತಪ್ಪು!

ಅವನಿಗೆ ಅಂದು ರಜೆ. ಭೂತಗನ್ನಡಿ, ಮಗಳ ಕೀಟಗಳ ಪುಸ್ತಕ ಹಿಡಿದು ಹಿತ್ತಲಿಗೆ ನಡೆದ. "ಸಂಜೆಯೊಳಗೆ ಹತ್ತು ಹುಳಗಳ ಪರಿಚಯ ಆಗ್ಲೇಬೇಕು" ಎಂದು ಹೆಂಡತಿಗೆ ಸಾರಿದ.

"ಮೊದಲು ಅಕ್ಕಪಕ್ಕದವರ ಪರಿಚಯ ಮಾಡ್ಕೊಳ್ರೀ" ಎಂದಳು ಅವಳು.

ಹುಲ್ಲಿನಲ್ಲಿ ಬೋರಲು ಮಲಗಿ ಗೊದ್ದ ಇರುವೆಯೊಂದನ್ನು ನೋಡುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿ, "ಅಯ್ಯೋ, ಬಿದ್ದೋದ!" ಎಂದು ಕಿರುಚಿ ಒಂದು ಕೊಡ ನೀರು ಸುರಿದರು. ಗೊದ್ದ ತೇಲಿಹೋಯಿತು. ಮಹಡಿ ಮನೆಯ ಕಾಂಪೌಂಡರ್ ಓಡಿಬಂದು ನಾಡಿ ಹಿಡಿದ.

"ನಾನು ಹುಳ ನೋಡ್ತಿದೀನಿ ಕಣ್ರೀ!"

"ತಲೆಗೇರಿದೆ" ಎಂದ ಕಾಂಪೌಂಡರ್, ಅಜ್ಜಿಯ ಕಡೆ ತಿರುಗಿ.

ನೆಂದ ಕೋಳಿಯಂತಾದರೂ ಅವನು ಕದಲಲಿಲ್ಲ. ಮಿಡತೆ, ಜೀರುಂಡೆ, ಮರಳಲ್ಲಿ ಗುಂಡಿ ತೋಡುವ ಗುಬ್ಬಿಹುಳ ಎಂದು ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಒಂಬತ್ತಕ್ಕೆ ಮುಟ್ಟಿತು. ಪಶ್ಚಾತ್ತಾಪಪಟ್ಟ ಅಜ್ಜಿ ಡಬ್ಬಿಯಲ್ಲಿ ಜೇಡ ಹಿಡಿದು ತಂದರು.

"ಇದಕ್ಕೆ ಎಂಟು ಕಾಲು ಅಜ್ಜಿ. ಕೀಟಕ್ಕೆ ಆರೇ."

"ಎರಡು ಜಾಸ್ತೀನೇ ಇದೆಯಲ್ಲಪ್ಪ, ನಷ್ಟವೇನು?"

ಅಷ್ಟರಲ್ಲಿ ನಲ್ಲಿಯ ಪಕ್ಕದ ಹೂವಿನ ಮೇಲೆ ಹತ್ತನೆಯದು ಬಂದು ಕೂತಿತು. ಥೇಟ್ ಪತ್ರಿಕೆಯ ಚಿತ್ರದ್ದೇ! ಅವನು ಉಸಿರು ಬಿಗಿಹಿಡಿದು ಮೂಗನ್ನು ಹತ್ತಿರ ಒಯ್ದ. "ಓಡಿಸ್ಲಾ ಸಾರ್?" ಎನ್ನುತ್ತ ಕಾಂಪೌಂಡರ್ ಹಿಂದಿನಿಂದ ಟವೆಲ್ ಬೀಸಿದ. ಹುಳ ನೇರ ಮೂಗಿಗೇ ಚುಚ್ಚಿತು.

ಕಾಂಪೌಂಡರ್ ಚಿಮಟದಿಂದ ಮುಳ್ಳು ಕಿತ್ತು ಬೆಳಕಿಗೆ ಹಿಡಿದ. "ಕಣಜ ಹೀಗೆ ಮುಳ್ಳು ಬಿಟ್ಟುಹೋಗಲ್ಲ ಸಾರ್. ಇದು ಜೇನೇ."

ಮಗಳ ಪುಸ್ತಕವೂ ಅದನ್ನೇ ಹೇಳಿತು. ಹಾಗಾದರೆ ಶನಿವಾರ ಅಚ್ಚಾಗಿದ್ದೇ ಸರಿ! ಮೂಗು ಬದನೆಕಾಯಿಯಾಗಿದ್ದನ್ನೂ ಲೆಕ್ಕಿಸದೆ ಅವನು ಕಚೇರಿಗೆ ಓಡಿದ.

ಸಂಪಾದಕರು ಪತ್ರಿಕೆಯ ಚಿತ್ರವನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ತಲೆದೂಗಿದರು. "ನೀವು ಹೇಳೋದು ನಿಜ. ಇವತ್ತಿನ ತಿದ್ದುಪಡೀನೇ ತಪ್ಪು."

ಅವನ ಎದೆ ಮೂಗಿಗೆ ಸರಿಸಮನಾಗಿ ಉಬ್ಬಿತು.

"ಅಂದಹಾಗೆ, ಆ ತಿದ್ದುಪಡಿಯ ಕರಡು ನೋಡಿದ್ದು ಯಾರು?"

"ನಾನೇ... ಸಾರ್."

ಸೋಮವಾರದ ಪತ್ರಿಕೆಗೆ ಎರಡು ಸಾಲು ಸಿದ್ಧವಾಯಿತು: 'ಅದು ಕಣಜವಲ್ಲ, ಜೇನು. ಕರಡು ತಿದ್ದುವವರ ತಪ್ಪಿಗೆ ಮತ್ತೊಮ್ಮೆ ವಿಷಾದ.' ಅದರ ಕರಡನ್ನು ಅವನೇ, ಮೂಗು ಹಿಡಿದುಕೊಂಡು, ಎರಡೆರಡು ಸಲ ನೋಡಿದ. ಒಂದು ತಪ್ಪೂ ಇರಲಿಲ್ಲ.