ಮಲಗಿದ ಮಾವನ ಲೆಕ್ಕ

ಸುಮ್ಮನೆ ಮಲಗುವುದು ಪುಕ್ಕಟೆ ಕೆಲಸವೆಂದು ತಿಳಿದವರು ವಿಜ್ಞಾನ ಓದಿಲ್ಲ. ಬೆರಳು ಅಲ್ಲಾಡಿಸದಿದ್ದರೂ ಎದೆ ಬಡಿಯಬೇಕು, ಮೈ ಬೆಚ್ಚಗಿರಬೇಕು. ಅಷ್ಟಕ್ಕೇ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ ಉರಿಯುತ್ತದೆ. ಎಂಬತ್ತರ ದಶಕದಲ್ಲಿ ಅಫಜಲಪುರದ ಹೈಸ್ಕೂಲಿನಲ್ಲಿ ನಾನು ಈ ಪಾಠ ಮಾಡುತ್ತಿದ್ದೆ. ಅದನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ಒಂದು ಬೇಸಿಗೆಯ ಹೊತ್ತಿಗೆ ನನ್ನ ಮಾವ ಮಣ್ಣೂರಿನಿಂದ ಬಂದು ನಮ್ಮಲ್ಲಿ ಎರಡು ತಿಂಗಳಾಗಿತ್ತು. ನಾನು ಬೆಳಗಿನ ಶಾಲೆ ಮುಗಿಸಿ ಬಂದು ಜತೆಗೆ ಊಟಕ್ಕೆ ಕೂತರೆ ಅವರು ಅರ್ಧ ರೊಟ್ಟಿ ಮುರಿದು, "ಸಾಕ್ರಿ ಅಳಿಯಂದ್ರ, ಹೊಟ್ಟಿ ತುಂಬ್ತು" ಎನ್ನುವರು. ರಾತ್ರಿಯೂ ಅಷ್ಟೇ. ಮಧ್ಯಾಹ್ನ ಪಡಸಾಲೆಯಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಧೋತರ ಹೊದ್ದು ಮಲಗಿದರೆ ಮಿಸುಕಾಟವಿಲ್ಲ. ಒಂದು ದಿನ ಹೊತ್ತು ಹೋಗದೆ ಲೆಕ್ಕ ಹಾಕಿದೆ. ಐವತ್ತು ಕಿಲೋ ಮಾವನಿಗೆ ಬರಿದೇ ಬಿದ್ದುಕೊಂಡಿರಲು ದಿನಕ್ಕೆ ಸಾವಿರದ ಇನ್ನೂರು ಕ್ಯಾಲೊರಿ ಬೇಕು. ಒಳಗೆ ಹೋಗುತ್ತಿದ್ದುದು ಅದರ ಕಾಲುಭಾಗವಿದ್ದೀತು. ನನ್ನ ಗಣಿತದ ಪ್ರಕಾರ ಪಡಸಾಲೆಯಲ್ಲಿ ಮಲಗಿದ್ದವರು ಬದುಕಿರುವ ಹಾಗೇ ಇರಲಿಲ್ಲ.

ಹೊರಗೆ ಕೆಂಡದಂಥ ಬಿಸಿಲು, ನನ್ನ ಬೆನ್ನಲ್ಲಿ ಚಳಿ. ಅಂದಿನಿಂದ ದಿನವೂ ಅವರ ಪಕ್ಕ ಕೂತು ಧೋತರ ಏಳುತ್ತದೋ ಇಲ್ಲವೋ ನೋಡತೊಡಗಿದೆ. ಒಂದು ಮಧ್ಯಾಹ್ನ ಅದು ಏಳಲೇ ಇಲ್ಲ. ಕರೆಂಟ್ ಹೋಗಿ ಫ್ಯಾನೂ ನಿಂತಿತ್ತು. ಮನೆಯಲ್ಲಿ ಸದ್ದೇ ಇಲ್ಲ. ಗಡ್ಡ ಮಾಡುವ ಕನ್ನಡಿ ತಂದು, ಧೋತರದ ಅಂಚನ್ನು ಮೆಲ್ಲಗೆ ಎತ್ತಿ, ಮೂಗಿನ ಹತ್ತಿರ ಹಿಡಿದೆ. ಕನ್ನಡಿ ಮಸುಕಾಗಲಿಲ್ಲ. ಕನ್ನಡಿ ಸರಿಸಿದರೆ ಎರಡು ಕಣ್ಣು ತೆರೆದುಕೊಂಡು ನನ್ನನ್ನೇ ನೋಡುತ್ತಿವೆ.

"ಇನ್ನೂ ಹೋಗಿಲ್ರಿ" ಎಂದರು ಮಾವ.

ಅಡುಗೆಮನೆಗೆ ಓಡಿದೆ. "ನಿಮ್ಮಪ್ಪ ಏನೂ ಉಣ್ಣಲಾರದ ಹ್ಯಾಂಗ ಬದುಕ್ಯಾರ?"

"ಉಣ್ಣಂಗಿಲ್ಲಂತ ಯಾರಂದ್ರು?" ಎಂದಳು ಹೆಂಡತಿ. "ನೀವು ಸಾಲಿಗಿ ಹೋದ ಕೂಡ್ಲೆ ಮೂರು ರೊಟ್ಟಿ ಪುಂಡಿಪಲ್ಯ ಉಣ್ತಾನ. ಅಳಿಯನ ಮುಂದ ಹೊಟ್ಟಿತುಂಬ ಉಣ್ಣಾಕ ನಾಚಿಕಿ ಅವಗ. ಈಗಂತೂ ತಾ ಸಾಯೋದನ್ನ ನೀವು ಕಾಯಾಕತ್ತೀರಂತ ಅಂಜಿ, ಉಸಿರು ಬಿಗಿಹಿಡದು ಅಲ್ಲಾಡೂದನ್ನೂ ಬಿಟ್ಟಾನ."

ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಮಾವನ ಕಾಲ ಬಳಿ ಕೂತು, "ತಪ್ಪ ತಿಳ್ಕೋಬ್ಯಾಡ್ರಿ ಮಾವಾರ, ನಾ ನಿಮ್ಮ ಉಸಿರು ಅದನೋ ಇಲ್ಲೋ ನೋಡಾಕತ್ತಿದ್ದೆ" ಎಂದೆ.

"ನಾನೂ ಮಗಳ ಮುಂದ ಅದನ್ನ ಅಂದ್ನಿ" ಎಂದರು.

ಆಮೇಲೆ ಕ್ಯಾಲೊರಿಯ ವಿಷಯವನ್ನೆಲ್ಲ ವಿವರಿಸಿದೆ. ಅವರು ತುಂಬ ಮರುಕದಿಂದ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ನಾನು ಹೊರಡುವ ಮೊದಲೇ ದರ್ಗಾಕ್ಕೆ ಹೋಗಿ ತಾಯಿತ ತಂದರು. "ರೆಪ್ಪಿ ಬಡೀಲಾರದ ಅಷ್ಟೊತ್ತು ನೋಡೂದು ಮನಷ್ಯಾರ ನೋಟಲ್ರಿ. ನಿಮ್ಮ ಮ್ಯಾಲ ಯಾರೋ ಬಂದಾರ. ಕೈ ಚಾಚ್ರಿ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಚಾಚಿದೆ. ಅಂದು ಹತ್ತನೆಯ ತರಗತಿಗೆ ದೆವ್ವ ಭೂತಗಳೆಲ್ಲ ಬರೀ ಮೂಢನಂಬಿಕೆ ಎಂದು ಪಾಠ ಮಾಡಿದೆ, ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು.