ಕಂಪ್ಯೂಟರಿಗೆ ಟೋಪಿ

ಕಂಪ್ಯೂಟರ್ ನಂಬಿ ಟೋಪಿ ಹಾಕಿಸಿಕೊಂಡವರು ಬೆಂಗಳೂರಿನಲ್ಲಿ ಬೀದಿಗೆ ನೂರು ಜನ ಸಿಕ್ಕಾರು. ಕಂಪ್ಯೂಟರಿಗೇ ಟೋಪಿ ಹಾಕಿದವರು ನಮ್ಮ ಚಿಕ್ಕಪ್ಪ ಒಬ್ಬರೇ! ಮೋಸದ ಟೋಪಿಯಲ್ಲ ಮಾರಾಯರೇ, ಉಣ್ಣೆಯದು. ಕಿವಿ ಮುಚ್ಚುವ ಮಂಕಿ ಕ್ಯಾಪು.

ಚಿಕ್ಕಪ್ಪನಿಗೆ ಈಚಿನ ವರ್ಷಗಳಲ್ಲಿ ಥಂಡಿ ಎಂದರೆ ಪ್ರಾಣಭಯ. ಅರೆಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಹಾಲು ತರಲು ಹೊರಟರೂ ತಲೆಗೆ ಟೋಪಿ, ಕಿವಿಗೆ ಹತ್ತಿ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ರೂಮಿನ ಮೂಲೆಯ ಹಳೇ ಕಂಪ್ಯೂಟರ್ ಕೆಟ್ಟುಹೋದರೆ? ಗಂಟಲಿನ ಆಪರೇಷನ್ನಿಗೆ ಮೊದಲು ಚಿಕ್ಕಮ್ಮ ಅದರ ಮುಂದೆ ಕೂತು ತಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಆಮೇಲೆ ಚಿಕ್ಕಮ್ಮ ಉಳಿದರು, ದನಿ ಉಳಿಯಲಿಲ್ಲ. ಈಗ ಅದು ಇರುವುದು ಆ ಡಬ್ಬದೊಳಗೆ ಮಾತ್ರ.

ಅಂಥ ಕಂಪ್ಯೂಟರ್ ಹ್ಯಾಂಗ್ ಆಗತೊಡಗಿತು. ಹೊತ್ತಿಲ್ಲ ಗೊತ್ತಿಲ್ಲ, ಪರದೆಯ ಮೇಲಿನ ಬಾಣ ಇದ್ದಲ್ಲೇ ನಿಂತುಬಿಡುತ್ತಿತ್ತು. ಅದರ ಜೊತೆ ಚಿಕ್ಕಪ್ಪನೂ ನಿಂತುಬಿಡುತ್ತಿದ್ದರು, ಕಾಫಿ ಲೋಟ ಬಾಯಿಯ ಹತ್ತಿರವೇ! ಅದು ಮತ್ತೆ ಅಲುಗಾಡುವವರೆಗೆ ಮಿಕ್ಸಿ ಹಾಕುವಂತಿಲ್ಲ, ಸೀನು ಬಂದರೆ ಬಾಲ್ಕನಿಗೆ ಓಡಬೇಕು. ಹಾಡನ್ನು ಪೆನ್ ಡ್ರೈವಿಗೆ ಹಾಕಿಕೊಡುತ್ತೇನೆ ಎಂದರೆ ಮುಟ್ಟಲೂ ಬಿಡಲಿಲ್ಲ.

"ಮಧ್ಯದಲ್ಲಿ ಹ್ಯಾಂಗ್ ಆಗಿ ಅರ್ಧ ದನಿ ಅಲ್ಲಿ, ಅರ್ಧ ದನಿ ಇಲ್ಲಿ ಆದ್ರೆ ಏನೋ ಮಾಡ್ತೀಯ?"

ಇಂಜಿನಿಯರಿಂಗ್ ಓದಿದ ನಾನು ಪೆನ್ ಡ್ರೈವನ್ನು ವಾಪಸ್ ಜೇಬಿಗೆ ಹಾಕಿಕೊಂಡೆ.

ಕೊನೆಗೆ ಜಯನಗರದ ರಿಪೇರಿ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವನು ಲಕ್ಷಣ ಕೇಳಿ, "ಫ್ರೀಜ್ ಆಗ್ತಿದೆ ಸಾರ್, ತಗೊಂಡ್ಬನ್ನಿ" ಎಂದ. ತಗೊಂಡು ಹೋಗುವುದೇ? ಆಟೋದಲ್ಲಿ, ಬನ್ನೇರುಘಟ್ಟ ರಸ್ತೆಯ ಗುಂಡಿಗಳ ಮೇಲೆ? ಆದರೆ 'ಫ್ರೀಜ್' ಎಂಬ ಮಾತು ಮಾತ್ರ ಚಿಕ್ಕಪ್ಪನ ಎದೆಗೆ ನಾಟಿತು. ಫ್ರೀಜ್ ಎಂದರೆ ಹೆಪ್ಪುಗಟ್ಟುವುದು, ಅಂದರೆ ಥಂಡಿ! ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ! ಸಂಜೆಯೊಳಗೆ ಕಿಟಕಿಗಳೆಲ್ಲ ಮುಚ್ಚಿದವು. ಸಿಪಿಯುಗೆ ಶಾಲು ಹೊದಿಸಿ, ಅದರ ಮೇಲೆ ತಮ್ಮ ಟೋಪಿಯನ್ನೇ ತೊಡಿಸಿದರು.

ಎರಡು ದಿನಕ್ಕೆ ನನಗೆ ಕರೆ ಬಂತು. ಹೋದರೆ ಚಿಕ್ಕಪ್ಪ ಬರಿತಲೆಯಲ್ಲಿ ಕೂತಿದ್ದಾರೆ, ಪರದೆ ಕಪ್ಪಗಿದೆ. ಸಿಪಿಯು ಮುಟ್ಟಿದೆ, ದೋಸೆ ಕಾವಲಿ!

"ಮೈ ಬೆಚ್ಚಗಾಗಿದೆ, ಆದ್ರೂ ಏಳ್ತಿಲ್ಲ ಕಣೋ" ಎಂದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಟೋಪಿ, ಶಾಲು ಕಿತ್ತು ಪಕ್ಕಕ್ಕೆಸೆದು, ಪ್ಲಗ್ ತೆಗೆದು, ಡಬ್ಬದ ತಗಡು ಬಿಚ್ಚಿದೆ. ಒಳಗಿನ ಫ್ಯಾನಿಗೆ ವರ್ಷಗಳ ಧೂಳು ಮೆತ್ತಿತ್ತು, ಅದರ ಮೇಲೆ ಶಾಲಿನ ಎಳೆ. ಇದಕ್ಕೆ ಥಂಡಿಯಲ್ಲ ಚಿಕ್ಕಪ್ಪ, ಸೆಕೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಬ್ರಶ್ಶಿನಲ್ಲಿ ಧೂಳು ತೆಗೆದು, ಆರಲು ಬಿಟ್ಟು, ಮತ್ತೆ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಏನೂ ಇಲ್ಲ. ಬಾಗಿಲಲ್ಲಿ ಚಿಕ್ಕಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ನನ್ನ ಕೈಯಿಂದಲೇ ಅವರ ದನಿ ಹೋಯಿತೇ? ಮತ್ತೆ ಒತ್ತಿದೆ. ಫ್ಯಾನ್ ಗುಂಯ್ ಎಂದಿತು.

ಚಿಕ್ಕಪ್ಪ ಭಯಕ್ಕೆ ಕಣ್ಣು ಮುಚ್ಚಿಕೊಂಡಿದ್ದಾಗಲೇ ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಬಿಟ್ಟೆ. ಆಮೇಲೆ ಸ್ಪೀಕರ್ ಹಾಕಿ ಮೊದಲನೆಯ ಹಾಡು ಒತ್ತಿದೆ. ಹಾಡಿಗೆ ಮೊದಲು ಚಿಕ್ಕಮ್ಮನ ಮಾತು ಕೇಳಿಸಿತು:

"ರೀ, ಟೋಪಿ ಎಲ್ಲಿ? ನಾನು ಹೇಳ್ದೇ ಇದ್ರೆ ಹಾಕ್ಕೊಳ್ಳಲ್ವಲ್ಲ ನೀವು."

ಚಿಕ್ಕಮ್ಮ ಒಳಗೆ ಬಂದು, ನೆಲದ ಮೇಲಿದ್ದ ಟೋಪಿ ಕೊಡವಿ, ಚಿಕ್ಕಪ್ಪನ ತಲೆಗೆ ತೊಡಿಸಿ, ಎರಡೂ ಕಿವಿ ಮುಚ್ಚುವಂತೆ ಎಳೆದರು.

"ಹಾಕ್ಕೊಂಡೆ ಕಣೇ" ಎಂದರು ಚಿಕ್ಕಪ್ಪ.