ಎಂಟು ನಿಮಿಷ ಅಲುಗದವರನ್ನು ಇಲ್ಲವೆನ್ನುವ ದೀಪದವರ ಸನ್ನಿಧಿಗೆ

ಮಾನ್ಯರೇ,

ನೆಲಮಾಳಿಗೆಯ ನಾಲ್ಕನೆಯ ಕೊಠಡಿಯ ಚಾವಣಿಯಲ್ಲಿ, ಬಿಳಿ ಬಟ್ಟಲೊಂದನ್ನು ಬೋರಲು ಹಾಕಿದಂತೆ ವಿರಾಜಮಾನರಾಗಿ, ಕೆಳಗೆ ಕೂತವರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದನ್ನು ಎಂಟೆಂಟು ನಿಮಿಷಕ್ಕೊಮ್ಮೆ ತೀರ್ಮಾನಿಸುವ, ಆ ತೀರ್ಮಾನಕ್ಕೆ ಮೇಲ್ಮನವಿಯೇ ಇಲ್ಲದಂತೆ ನೋಡಿಕೊಂಡಿರುವ ಸೆನ್ಸರ್ ದೀಪದವರಿಗೆ, ಸಾವಿರಾರು ಮೈಲಿ ಆಚೆಯಿಂದ ಸೊಂಟ ಬಾಗಿಸಿ, ಬಲಗೈಯನ್ನು ಭುಜದಿಂದಲೇ ಬೀಸಿ ಸಲ್ಲಿಸುವ ನಮಸ್ಕಾರಗಳು. ಮೊಣಕೈಯಿಂದ ಬೀಸಿದರೆ ತಮಗೆ ಕಾಣುವುದಿಲ್ಲವೆಂಬುದನ್ನು ನಾನಿನ್ನೂ ಮರೆತಿಲ್ಲ.

ತಮಗೆ ನನ್ನ ನೆನಪಿರಲಾರದು. ಅದಕ್ಕೆ ತಾವು ನೊಂದುಕೊಳ್ಳಬೇಕಾಗಿಲ್ಲ. ತಮ್ಮ ನೆನಪಿನ ಆಯುಷ್ಯವೇ ಎಂಟು ನಿಮಿಷ, ನಾನು ತಮ್ಮ ಕೆಳಗೆ ಕೂತು ಹೋಗಿ ಹದಿನೇಳು ವರ್ಷವಾಯಿತು. ವಿದ್ಯಾರ್ಥಿ ವಿನಿಮಯ ಎಂಬ ಯೋಜನೆಯಡಿ ನಮ್ಮ ವಿಶ್ವವಿದ್ಯಾಲಯ ಒಂದು ಸೆಮಿಸ್ಟರಿಗೆಂದು ನನ್ನನ್ನು ತಮ್ಮಲ್ಲಿಗೆ ಕಳಿಸಿತ್ತು. ಇಲಾಖೆಯ ಸ್ವಂತ ವಿದ್ಯಾರ್ಥಿಗಳಿಗೆ ಮೂರನೆಯ ಮಹಡಿಯಲ್ಲಿ ಕಿಟಕಿಯ ಪಕ್ಕದ ಮೇಜುಗಳಿದ್ದವು. ಬಂದು ಹೋಗುವವರಿಗೆಂದು ಮೀಸಲಿಟ್ಟದ್ದು ಕಿಟಕಿಯೇ ಇಲ್ಲದ ತಮ್ಮ ಕೊಠಡಿ. ಮಧ್ಯಾಹ್ನ ಹನ್ನೆರಡಕ್ಕೂ ತಾವು ಕಣ್ಣು ಮುಚ್ಚಿದರೆ ಅಲ್ಲಿ ಅಮಾವಾಸ್ಯೆ. ಅತಿಥಿಗಳ ಮೇಲೆ ಇಷ್ಟು ಮುತುವರ್ಜಿ ವಹಿಸಿದ ಸಂಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ನನ್ನ ಹಿನ್ನೆಲೆ ಅರಿಕೆ ಮಾಡಿಕೊಳ್ಳುತ್ತೇನೆ, ಏಕೆಂದರೆ ತಪ್ಪು ನನ್ನ ಹುಟ್ಟಿನಲ್ಲೇ ಇತ್ತೆಂದು ಆಗ ಎಲ್ಲರೂ ಅಭಿಪ್ರಾಯಪಟ್ಟಿದ್ದರು. ನಮ್ಮದು ನಾಟಕದ ಮನೆ. ಅಮ್ಮ ಊರೂರು ತಿರುಗುವ ತಂಡವೊಂದರಲ್ಲಿ ಇಪ್ಪತ್ತೆರಡು ವರ್ಷ ರಾಣಿಯಾಗಿ ಆಳಿದವರು, ಚಿಕ್ಕಪ್ಪ ಅದೇ ತಂಡದಲ್ಲಿ ದೀಪ ನೋಡಿಕೊಳ್ಳುವವರು, ನಾನೂ ತಂಗಿಯೂ ಪರದೆಯ ಮರೆಯಲ್ಲಿ ಟ್ರಂಕಿನ ಮೇಲೆ ಮಲಗಿ ದೊಡ್ಡವರಾದವರು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಕೇಳುವುದಿದ್ದರೂ ಹಿಂದಿನ ಸಾಲಿನವರಿಗೆ ಮುಟ್ಟುವಂತೆ ಕೇಳುತ್ತಾರೆ, ಕೊಡುವವರು ಅದನ್ನು ಕಿರೀಟ ಒಪ್ಪಿಸುವಂತೆ ಒಪ್ಪಿಸುತ್ತಾರೆ. ಇದೆಲ್ಲ ಪರದೇಶದಲ್ಲಿ ನಡೆಯದೆಂದು ಹೆದರಿ ಅಮ್ಮ ವಿಮಾನ ನಿಲ್ದಾಣದಲ್ಲಿ ನನಗೆ ಕಟ್ಟಪ್ಪಣೆ ಮಾಡಿದರು.

"ಅಲ್ಲಿ ಹೋಗಿ ಕೈ ಬೀಸ್ಕೊಂಡು ಮಾತಾಡ್ಬೇಡ ಕಣೇ, ಜಗಳಕ್ಕೆ ಬಂದಿದಾಳೆ ಅಂದ್ಕೋತಾರೆ" ಎಂದು ಹೇಳುತ್ತಾ ಅವರು ಬೀಸಿದ ಕೈಗೆ ಪಕ್ಕದವರೊಬ್ಬರ ಕಾಫಿ ಲೋಟ ಹಾರಿಹೋಯಿತು.

ಅಮ್ಮನ ಮಾತನ್ನು ನಾನು ಮೊದಲ ತಿಂಗಳು ಮರೆತೆ, ಅದಕ್ಕೆ ತಕ್ಕ ಶಾಸ್ತಿಯೂ ಆಯಿತು. ನಾನು ಕಲಿಯಲು ಬಂದದ್ದು ಹಳೆಯ ಬಂದರುಗಳ ಇತಿಹಾಸ. ಅದನ್ನು ಕಲಿಸುತ್ತಿದ್ದ ಪ್ರಾಧ್ಯಾಪಕಿ ಮಹಾ ವಿದ್ವಾಂಸರು. ಮಾತಾಡುವಾಗ ಅವರ ತುಟಿಗಳನ್ನು ಬಿಟ್ಟರೆ ಬೇರೇನೂ ಅಲುಗುತ್ತಿರಲಿಲ್ಲ, ಅವರ ಬಾಯಲ್ಲಿ ಬೆಂಕಿ ಬಿದ್ದ ಗೋದಾಮಿಗೂ ಸುಂಕದ ದರಪಟ್ಟಿಗೂ ಒಂದೇ ಸ್ವರ. ಅಂಥವರ ಎದುರು ನಾನು ನನ್ನ ಮೊದಲ ಪ್ರಬಂಧ ಮಂಡಿಸಲು ನಿಂತು, ಮುಳುಗುವ ಹಡಗೊಂದನ್ನು ಮುಳುಗಿಸಿಯೇ ತೋರಿಸಿದೆ. ಮಂಡಿಯೂರಿದೆ ಕೂಡ. ತರಗತಿ ಸ್ತಬ್ಧವಾಯಿತು, ನಾನದನ್ನು ಮೆಚ್ಚುಗೆ ಎಂದುಕೊಂಡೆ. ಮಾರನೆಯ ದಿನ ಕೈಸೇರಿದ ಚೀಟಿಯಲ್ಲಿ ಎರಡೇ ಸಾಲಿದ್ದವು: ವಿಷಯ ಉತ್ತಮ. ಕೈಗಳು ಅನವಶ್ಯಕ. ಅದರ ಕೆಳಗೆ ನಪಾಸಿನ ಅಂಕ.

ಆ ಚೀಟಿ ಹಿಡಿದು ನಾನು ತಮ್ಮ ಆಶ್ರಯಕ್ಕೆ ಬಂದದ್ದು ತಮಗೆ ತಿಳಿಯದೇ ಹೋದದ್ದು ಈ ಪತ್ರದ ಮುಖ್ಯ ದೂರುಗಳಲ್ಲೊಂದು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಎಂಟು ನಿಮಿಷ ಅತ್ತ ಮೇಲೆ ತಾವು ಆರಿಹೋದಿರಿ. ಅಳುವಾಗ ಭುಜ ಸಾಕಷ್ಟು ಕುಲುಕಲಿಲ್ಲವೆಂದು ಕಾಣುತ್ತದೆ. ರಂಗದ ಮೇಲೆ ಅಳುವುದನ್ನು ನಾಲ್ಕನೆಯ ವಯಸ್ಸಿನಲ್ಲೇ ಕಲಿತವಳು ನಾನು, ನಿಜವಾಗಿ ಅಳುವಾಗ ಅದನ್ನೆಲ್ಲ ಮರೆತದ್ದು ನನ್ನ ಅಶಿಸ್ತು, ಕ್ಷಮೆಯಿರಲಿ.

ನನ್ನ ಪರಿಸ್ಥಿತಿ ಇಷ್ಟೇ: ಉಳಿದ ಅಂಕಗಳೆಲ್ಲ ಸೆಮಿಸ್ಟರಿನ ಕೊನೆಯ ಮೌಖಿಕ ಪರೀಕ್ಷೆಯಲ್ಲಿದ್ದವು. ಅದರಲ್ಲಿ ಪಾಸಾಗದಿದ್ದರೆ ನಮ್ಮ ಕಾಲೇಜು ಆ ಸೆಮಿಸ್ಟರನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಒಂದು ವರ್ಷ ಹಿಂದೆ ಬೀಳಬೇಕು, ಹಿಂದೆ ಬಿದ್ದರೆ ಸೀದಾ ತಂಗಿಯ ತರಗತಿಗೆ. ಇದನ್ನು ಫೋನಿನಲ್ಲಿ ಹೇಳಿಕೊಂಡಾಗ ತಂಗಿ ಬಹಳ ಹೊತ್ತು ಸಮಾಧಾನ ಮಾಡಿದಳು, ಕೊನೆಗೆ ಮೆಲ್ಲಗೆ, "ಚಿಂತೆ ಮಾಡ್ಬೇಡ ಅಕ್ಕಾ, ಬೆಂಚಲ್ಲಿ ಜಾಗ ಹಿಡಿದಿಟ್ಟಿರ್ತೀನಿ. ನೋಟ್ಸು ಮಾತ್ರ ನೀನೇ ಬರ್ಕೋಬೇಕು" ಅಂದಳು.

ಅಂದಿನಿಂದ ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಅವುಗಳ ಮೇಲೆ ಕೂತು, ತುಟಿ ಮಾತ್ರ ಅಲುಗಿಸಿ ಮಾತಾಡುವ ಸಾಧನೆಗೆ ತೊಡಗಿದೆ, ತಾವು ಎಂಟು ನಿಮಿಷಕ್ಕೊಮ್ಮೆ ನನ್ನನ್ನು ಲೋಕದಿಂದ ಅಳಿಸಿಹಾಕತೊಡಗಿದಿರಿ. ಒಲಿಸಿಕೊಳ್ಳಲು ನಾನು ಮಾಡದ ಪ್ರಯತ್ನವಿಲ್ಲ. ಮೇಜಿನಡಿ ಕಾಲು ಕುಣಿಸಿದೆ. ತಲೆಯಾಡಿಸಿದೆ. ಹುಬ್ಬು ಹಾರಿಸಿದೆ, ಅಮ್ಮ ಹುಬ್ಬು ಹಾರಿಸಿದರೆ ಊರ ಜನ ಸಿಳ್ಳೆ ಹಾಕುತ್ತಿದ್ದರು, ತಾವು ಗಂಭೀರವಾಗಿಯೇ ಇದ್ದಿರಿ. ಕಡೆಗೆ ಕಟ್ಟಡದ ಉಸ್ತುವಾರಿಯವರಲ್ಲಿ ದೂರು ಕೊಟ್ಟೆ. ಅವರು ಏಣಿ ಹೊತ್ತು ಬಂದರು, ಹತ್ತಿದರು, ಇಳಿದರು, ಏಣಿಯನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದರು. ಅಷ್ಟೂ ಹೊತ್ತು ತಾವು ಹುಣ್ಣಿಮೆಯ ಚಂದ್ರನಂತೆ ಬೆಳಗುತ್ತಿದ್ದಿರಿ. ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ನಾನು ಕತ್ತು ಚಾಚಿ ಓದಿದೆ: ದೀಪ ಸರಿಯಾಗಿದೆ, ವಿದ್ಯಾರ್ಥಿನಿ ಅಲುಗುವುದಿಲ್ಲ.

ಆಗ ನೆನಪಾದವರು ಚಿಕ್ಕಪ್ಪ. ಲೋಕದಲ್ಲಿ ದೀಪಗಳ ಬುದ್ಧಿ ಬಲ್ಲವರು ಅವರೊಬ್ಬರೇ ಎಂದು ಫೋನು ಮಾಡಿದರೆ, ಅವರು ನನ್ನ ಯೋಗಕ್ಷೇಮ ಕೇಳುವುದನ್ನು ಬಿಟ್ಟು ಚಾವಣಿ ಎಷ್ಟು ಎತ್ತರ, ಬಾಗಿಲು ಯಾವ ಕಡೆ, ಬೆಳಕು ಹಳದಿಯೋ ಬಿಳಿಯೋ ಎಂದು ವಿಚಾರಿಸಿದರು. ನಟಿ ರಂಗದ ಮೇಲಿರುವಾಗಲೇ ತಾವು ಆರುತ್ತೀರೆಂದು ಕೇಳಿ ಅವರಿಗೆ ಉಸಿರೇ ನಿಂತಂತಾಯಿತು. ಅಂಥ ಕೆಲಸ ಮಾಡಿದವನು ನಮ್ಮ ತಂಡದಲ್ಲಾದರೆ ಮಾರನೆಯ ದಿನದಿಂದ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದನೆಂದು ಗುಡುಗಿದರು. (ತಮ್ಮನ್ನು ಕುರಿತು ಇನ್ನೂ ಕೆಲವು ಮಾತುಗಳಿದ್ದವು; ಪತ್ರದ ಗೌರವಕ್ಕಾಗಿ ಬಿಟ್ಟಿದ್ದೇನೆ.) ಕೋಪ ಇಳಿದ ಮೇಲೆ ಅವರು ಹೇಳಿದ್ದನ್ನು ಯಥಾವತ್ತಾಗಿ ಬರೆಯುತ್ತೇನೆ.

"ಅದು ಹಿಂದಿನ ಸಾಲಿನ ಪ್ರೇಕ್ಷಕ ಕಣಮ್ಮ, ಕಣ್ಣು ಮಂದ. ಮೊಣಕೈಯಿಂದ ಎತ್ತಿದ ಕೈ ಮುಂದಿನ ಸಾಲಿಗಷ್ಟೇ ಕಾಣೋದು. ಭುಜದಿಂದ ಎತ್ತು. ನಿಧಾನಕ್ಕೆ, ಆದ್ರೆ ಪೂರ್ತಿ."

ಎತ್ತಿದೆ. ತಾವು ಹೊತ್ತಿಕೊಂಡಿರಿ. ಪರದೇಶದಲ್ಲಿ ನನ್ನನ್ನು ನಾನಾಗಿಯೇ ಗುರುತಿಸಿದ ಮೊದಲ ಜೀವ ತಾವು ಎಂದು ಆ ಕ್ಷಣ ನನಗೆ ಕಣ್ಣು ತುಂಬಿ ಬಂತು, ಜೀವವಿಲ್ಲವೆಂಬುದು ಆಮೇಲೆ ಹೊಳೆಯಿತು.

ಹೀಗೆ ನನಗೆ ಇಬ್ಬರು ಗುರುಗಳಾದರು. ಮೂರನೆಯ ಮಹಡಿಯ ಪ್ರಾಧ್ಯಾಪಕಿಯವರಿಗೆ ಕೈ ಕಾಣಕೂಡದು, ನೆಲಮಾಳಿಗೆಯವರಿಗೆ ಕೈಯಲ್ಲದೆ ಬೇರೇನೂ ಕಾಣದು. ಇಬ್ಬರನ್ನೂ ನೋಯಿಸದಂತೆ ನಾನು ಏಳೂವರೆ ನಿಮಿಷ ಹೆಣದಂತೆ ಕೂತು ಮಾತಾಡುವುದು, ಆಮೇಲೆ ಒಂದು ಸಲ ಬಲಗೈಯನ್ನು ಭುಜದಿಂದ ಎತ್ತುವುದು, ಮತ್ತೆ ಹೆಣವಾಗುವುದು ಎಂಬ ಪದ್ಧತಿ ರೂಢಿಸಿಕೊಂಡೆ. ರೂಢಿ ಎಷ್ಟು ಬಲಿಯಿತೆಂದರೆ ಬಸ್ ನಿಲ್ದಾಣದಲ್ಲಿ ಏಳೂವರೆ ನಿಮಿಷ ನಿಂತ ಮೇಲೆ ಕೈ ತಾನಾಗಿ ಮೇಲೇರಿತು, ಎದುರಿಗೆ ಬರುತ್ತಿದ್ದ ಬಸ್ಸು ನಿಂತಿತು, ಚಾಲಕರು ಬಾಗಿಲು ತೆರೆದು ಮುಗುಳ್ನಕ್ಕರು. ಅದು ನನ್ನ ಬಸ್ಸಲ್ಲವೆಂದು ಹೇಳಲು ದಾಕ್ಷಿಣ್ಯವಾಗಿ ಹತ್ತಿ ಕೂತೆ. ಆ ನಗರದ ಕಾರ್ಖಾನೆಗಳಿರುವ ಬಡಾವಣೆಯನ್ನು ನಾನು ವಿವರವಾಗಿ ಕಂಡದ್ದು ಹಾಗೆ.

ಇನ್ನು ಪರೀಕ್ಷೆಯ ದಿನ. ಮೂರನೆಯ ಮಹಡಿಯ ಹಜಾರದಲ್ಲಿ ಕೊಠಡಿ ಬೆಚ್ಚಗಿಡುವ ಪೈಪು ಒಡೆದು ನೆಲವೆಲ್ಲ ನೀರಾದ ಕಾರಣ ಪರೀಕ್ಷೆಯನ್ನು ನಾಲ್ಕನೆಯ ಕೊಠಡಿಗೆ ವರ್ಗಾಯಿಸಲಾಗಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ನನ್ನ ಇಬ್ಬರು ಗುರುಗಳೂ ಒಂದೇ ಕೊಠಡಿಯಲ್ಲಿ. ಮೆಟ್ಟಿಲಿಳಿಯುವಾಗ ನಾನು ಎರಡು ಸಲ ಮುಗ್ಗರಿಸಿದ್ದನ್ನು ತಾವಾದರೂ ನೋಡಿದ್ದರೆ ಮೊದಲೇ ಹೊತ್ತಿಕೊಂಡು ಸ್ವಾಗತಿಸುತ್ತಿದ್ದಿರಿ.

ಒಳಗೆ ಪ್ರಾಧ್ಯಾಪಕಿ, ಅವರ ಪಕ್ಕ ಬೇರೆ ಇಲಾಖೆಯಿಂದ ಬಂದ ವಯಸ್ಸಾದ ಪರೀಕ್ಷಕರೊಬ್ಬರು. ನನ್ನ ವಿಷಯ ನೂರು ವರ್ಷದ ಹಿಂದೆ ಬಂದರೊಂದರ ಹಮಾಲರು ಹೂಡಿದ ಮುಷ್ಕರ. ಅವಧಿ ಇಪ್ಪತ್ತು ನಿಮಿಷ. ಈ ಸಲ ಭುಜವನ್ನೂ ಎತ್ತಕೂಡದು, ಏನಾದರಾಗಲಿ, ಅಂಕ ಕೊಡುವುದು ಚಾವಣಿಯಲ್ಲ ಎಂದು ನಿಶ್ಚಯಿಸಿ, ಕೈಗಳ ಮೇಲೆ ಕೂತು ಶುರುಮಾಡಿದೆ. ಅವರಿಬ್ಬರೂ ಶಿಲಾಪ್ರತಿಮೆಗಳಂತೆ ಆಲಿಸಿದರು. ನಾನೂ ಅವರಿಗೇನೂ ಕಡಿಮೆಯಿರಲಿಲ್ಲ. ಹಮಾಲರ ಮುಂದಾಳು ಪೀಪಾಯಿಯ ಮೇಲೆ ಹತ್ತಿ ನಿಂತು ಬಾಯಿ ತೆರೆಯುವ ಹೊತ್ತಿಗೆ ಎಂಟು ನಿಮಿಷ ತುಂಬಿತು. ತಾವು ನಮ್ಮ ಮೂವರನ್ನೂ ಪರಿಶೀಲಿಸಿ, ಕೊಠಡಿ ಖಾಲಿಯಿದೆ ಎಂದು ತೀರ್ಪಿತ್ತು ಆರಿಹೋದಿರಿ.

ಕತ್ತಲೆಯಲ್ಲಿ ಬಟ್ಟೆಯ ಸರಬರ ಕೇಳಿಸಿತು. ಪ್ರಾಧ್ಯಾಪಕಿ ನೊಣ ಓಡಿಸುವಷ್ಟು ಕೈಯಾಡಿಸಿರಬೇಕು. ಪರೀಕ್ಷಕರು ಪೆನ್ನು ಎತ್ತಿರಬೇಕು, ಅದು ನೆಲಕ್ಕೆ ಬಿದ್ದು ಉರುಳಿತು. ಬರೀ ಮೊಣಕೈಗಳು. ಜೀವಮಾನವಿಡೀ ಮುಂದಿನ ಸಾಲಿಗಷ್ಟೇ ಪಾಠ ಹೇಳಿದವರು ಪಾಪ, ಅವರಿಗೆ ಯಾರು ಕಲಿಸಿದ್ದರು. ನಾನು ಕೈಗಳ ಮೇಲೆ ಕೂತೇ ಇದ್ದೆ. ತಂಗಿಯ ಬೆಂಚು ಕಣ್ಣ ಮುಂದೆ ಬಂತು, ಕತ್ತಲಲ್ಲಿ ಅದು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಆಗ ಪ್ರಾಧ್ಯಾಪಕಿ ಹೇಳಿದರು: "ಯಾರಾದರೂ ಏನಾದರೂ ಮಾಡಿ."

ಮಾನ್ಯರೇ, ಆ ಸ್ವರ ಏರಿತ್ತು. ಆ ಸೆಮಿಸ್ಟರಿನಲ್ಲಿ ಅದೇ ಮೊದಲು. ನಾನು ಎದ್ದೆ, ಕುರ್ಚಿ ಹಿಂದಕ್ಕೆ ಸರಿಸಿದೆ, ಎದೆ ತುಂಬ ಉಸಿರೆಳೆದು ಬಲಗೈಯನ್ನು ಭುಜದಿಂದ ಮೇಲೆತ್ತಿ, ಕಟ್ಟಡದ ತಾರಸಿಗೆ ಮುಟ್ಟುವಂತೆ, "ಇಳಿಸಿ ಮೂಟೆ!" ಎಂದೆ.

ತಾವು ಬಂದಿರಿ. ಹೇಗೆ ಬಂದಿರಿ! ಚಿಕ್ಕಪ್ಪನಿಗೂ ಅಷ್ಟು ಕರಾರುವಾಕ್ಕಾಗಿ ಬೆಳಕು ಕೊಡಲು ಬಂದಿಲ್ಲ. ಪೀಪಾಯಿಯ ಮೇಲೆ ಮುಂದಾಳು, ಕೆಳಗೆ ಬೆರಗಾಗಿ ಕೂತ ಇಬ್ಬರು ಹಮಾಲರು. ಅಲ್ಲಿಂದ ಮುಂದೆ ನನ್ನನ್ನು ಕೂರಿಸಲು ಯಾರಿಗೂ ಧೈರ್ಯವಾಗಲಿಲ್ಲ, ಕೂತರೆ ಮತ್ತೆ ಕತ್ತಲಾಗುವ ಭಯ. ಉಳಿದ ಹನ್ನೆರಡು ನಿಮಿಷ ಮುಷ್ಕರವನ್ನು ಎರಡೂ ಕೈಗಳಿಂದ ನಡೆಸಿದೆ. ವಯಸ್ಸಾದ ಪರೀಕ್ಷಕರು ಕೊನೆಗೆ ತಮ್ಮ ಬ್ಯಾಗನ್ನು ಮೇಜಿನಿಂದ ಕೆಳಗಿಳಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಪಾಸಾದೆ. ಚೀಟಿ ಬಂತು. ವಿಷಯ ಉತ್ತಮ. ಕೈಗಳು ಅವಶ್ಯಕ, ಬೆಳಕಿನ ವ್ಯವಸ್ಥೆಯ ದೃಷ್ಟಿಯಿಂದ ಮಾತ್ರ.

ತಂಗಿ ಬೆಂಚಿನ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು, ಬೇಸರದಿಂದಲೇ.

ಇಷ್ಟು ಉಪಕಾರ ಮಾಡಿದವರ ಮೇಲೆ ದೂರೇಕೆ ಎಂದು ತಾವು ಕೇಳಬಹುದು. ಕೈ ಎತ್ತಿದಾಗ ತಾವು ಕಂಡಿರಿ, ಸರಿ. ಆದರೆ ಮುಷ್ಕರದ ಕಥೆಯನ್ನು ನಾನು ಓದಿ, ಯೋಚಿಸಿ, ಹೊಡೆದುಹಾಕಿ, ಮತ್ತೆ ಯೋಚಿಸಿ ಕಟ್ಟಿದ್ದು ಅದೇ ಕುರ್ಚಿಯಲ್ಲಿ ಸುಮ್ಮನೆ ಕೂತು. ಆ ಗಂಟೆಗಳೆಲ್ಲ ತಮ್ಮ ದಾಖಲೆಯಲ್ಲಿ ಖಾಲಿ ಕೊಠಡಿ. ಆದ್ದರಿಂದ ನನ್ನ ವಿನಮ್ರ ಕೋರಿಕೆ: ನಾನು ಅಲ್ಲಿ ಇರಲಿಲ್ಲವೆಂದು ತಾವು ತೀರ್ಮಾನಿಸಿದ ಅಷ್ಟೂ ಗಂಟೆಗಳನ್ನು ನನ್ನ ವಯಸ್ಸಿನಿಂದ ಕಳೆದು, ಮೊಹರು ಹಾಕಿದ ಪ್ರಮಾಣಪತ್ರ ಕಳುಹಿಸಿಕೊಡಬೇಕು. ಈಗ ಅಲ್ಲಿ ಯಾವ ದೇಶದ ಯಾವ ಮಗು ಕೂತಿದೆಯೋ ತಿಳಿಯದು. ಅದು ಮೇಜಿನ ಮೇಲೆ ತಲೆಯಿಟ್ಟಾಗ ಒಂಬತ್ತನೆಯ ನಿಮಿಷವೊಂದನ್ನು ಕೃಪೆಮಾಡಬೇಕು. ಅದು ನಿಯಮಕ್ಕೆ ವಿರುದ್ಧವಾದರೆ ಅದರ ಭುಜವನ್ನಾದರೂ ತಾವೇ ಇಳಿದು ಬಂದು ಒಮ್ಮೆ ಅಲುಗಿಸಬೇಕು.

ಈ ಸಾಲು ಮುಗಿಯುವವರೆಗಾದರೂ ತಾವು ಆರದಿರುವಿರೆಂಬ ನಂಬಿಕೆಯಲ್ಲಿ,

ತಮ್ಮ ವಿಶ್ವಾಸಿ,
ನಾಲ್ಕನೆಯ ಕೊಠಡಿಯಲ್ಲಿ ಬಹುಪಾಲು ಇಲ್ಲದಿದ್ದವಳು

ಮರೆತ ಮಾತು: ಹದಿನೇಳು ವರ್ಷ ಸುಮ್ಮನಿದ್ದು ಈಗೇಕೆ ಬರೆದೆನೆಂದರೆ, ನಾನು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿರುವ ಕಾಲೇಜಿನ ಸಭಾಕೊಠಡಿಗೆ ಕಳೆದ ವಾರ ತಮ್ಮ ಬಂಧುವೊಬ್ಬರ ಆಗಮನವಾಯಿತು. ಪ್ರಾಂಶುಪಾಲರು ವಾರ್ಷಿಕ ವರದಿ ಓದುತ್ತಿದ್ದರು, ನಾವು ಹದಿನಾಲ್ಕು ಮಂದಿ ಅಧ್ಯಾಪಕರು ಗೌರವಪೂರ್ವಕವಾಗಿ ಆಲಿಸುತ್ತಿದ್ದೆವು. ಎಂಟನೆಯ ನಿಮಿಷಕ್ಕೆ ತಮ್ಮ ಬಂಧು ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಕೊಠಡಿಯಲ್ಲಿ ಯಾರೂ ಇಲ್ಲವೆಂದು ಆರಿಹೋದರು. ಕತ್ತಲಲ್ಲಿ ಹದಿನೈದು ಮೊಣಕೈಗಳು ಆಡಿದ ಸದ್ದು ಕೇಳಿಸಿತು, ಯಾರಾದರೂ ಏನಾದರೂ ಮಾಡಿ ಎಂದು ಪ್ರಾಂಶುಪಾಲರೂ ಹೇಳಿದರು. ಬೇಕಾದ ವಿದ್ಯೆ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹದಿನೈದರಲ್ಲಿ ಒಂದು ಮೊಣಕೈ ನನ್ನದಾಗಿತ್ತು, ಬೇಕೆಂದೇ. ತಮ್ಮ ಬಂಧುವಿನ ತೀರ್ಪನ್ನು ಪ್ರಶ್ನಿಸಲು ನನಗೆ ಯಾವ ಕಾರಣವೂ ಕಾಣಲಿಲ್ಲ.